ತಿಕೋಟಾದ ಲ್ಯಾಪ್‌ಟಾಪಿನ ತೊಂಬತ್ತಾರು ಡಿಗ್ರಿ

ಆಗ ನನಗೆ ಅರವತ್ತೆಂಟು. ಮೂರು ಬೇಸಿಗೆ ಹಿಂದಿನ ಮಾತು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರಿನ ತಂತಿ ಕಿತ್ತು ಹೊಸದು ಸುತ್ತುವುದು ನನ್ನ ಕೆಲಸ. ಅದೇ ಅಂಗಡಿಯ ಅರ್ಧದಲ್ಲಿ ಸೊಸೆ ಸವಿತಾ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾಳೆ. ನಾನು ಸಾಲಿ ಕಲಿತದ್ದು ಎರಡನೆಯ ಇಯತ್ತೆವರೆಗೆ. ಇಲ್ಲಿ ನಾನು ಗೀಚಿದ್ದನ್ನು ತಿದ್ದಿದವಳೂ ಅವಳೇ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತಿಕೋಟಾದ ಅಪ್ಪಾಸಾಹೇಬರು ಮಗಳು ರಾಜಶ್ರೀಯನ್ನು ಕರೆದುಕೊಂಡು ಬಂದರು. ಅವರದು ಒಣದ್ರಾಕ್ಷಿ ವ್ಯವಹಾರ, ದ್ರಾಕ್ಷಿ ಒಣಗಿಸುವ ಸ್ವಂತ ಶೆಡ್ ಇದೆ. ಮಗಳ ಕಂಕುಳಲ್ಲಿ ಹೊಸ ಗೇಮಿಂಗ್ ಲ್ಯಾಪ್‌ಟಾಪ್. ಅವಳು ಗೇಮ್ ಆಡುವವಳಲ್ಲ. ಬಬಲೇಶ್ವರದ ಫೋಟೊ ಸ್ಟುಡಿಯೊದವರಿಗೆ ಮದುವೆ ವಿಡಿಯೊ ಎಡಿಟ್ ಮಾಡಿಕೊಡಲು ಒಪ್ಪಿಕೊಂಡಿದ್ದಳು. ಆ ಕೆಲಸ ಸಣ್ಣ ಲ್ಯಾಪ್‌ಟಾಪಿನಲ್ಲಿ ಆಗುವುದಿಲ್ಲ.

"ಅಕ್ಕಾರ, ಇದು ತೊಂಬತ್ತಾರು ಡಿಗ್ರಿ ಕಾಯಾಕತ್ತೇತಿ, ಪರದೆ ಮ್ಯಾಲ ತೋರಸ್ತೈತಿ. ಸೇಫ್ ಐತೋ ಇಲ್ಲೋ, ಒಂದ ಮಾತು ಹೇಳ್ರಿ. ಇಲ್ಲಂದ್ರ ಇವತ್ತ ಸಂಜೀಕ ತಗೊಂಡಲ್ಲೇ ವಾಪಸ್ ಕೊಟ್ಟು ಹೊಕ್ಕೇನಿ" ಎಂದು ಅಪ್ಪಾಸಾಹೇಬರು ನನಗೆ ಹೇಳಿದರು.

ಮಗಳ ಮುಖ ಸಣ್ಣದಾಯಿತು. ಲ್ಯಾಪ್‌ಟಾಪ್ ಹೋದರೆ ಕೆಲಸವೂ ಹೋಯಿತು.

ನನಗೆ ಈ 'ಒಂದ ಮಾತಿ'ನ ಗಿರಾಕಿಗಳನ್ನು ಕಂಡರೆ ತಲೆ ಕೆಡುತ್ತದೆ. ಇವರು ಆಗಲೇ ಮೊಬೈಲ್ ಅಂಗಡಿಯವನನ್ನು ಕೇಳಿದ್ದರು, ಅವನು ಸುಡುತ್ತದೆ ಅಂದಿದ್ದ. ಅಳಿಯನನ್ನು ಕೇಳಿದ್ದರು, ಅವನು ಏನೂ ಆಗುವುದಿಲ್ಲ ಅಂದಿದ್ದ. ಈಗ ನನ್ನ ಪಾಳಿ.

ಮೋಟಾರಿನ ಬಿಸಿ ನೋಡುವ ರೂಢಿಯಂತೆ ಅಂಗೈ ಇಟ್ಟೆ. ಸವಿತಾ, "ಅತ್ತಿ, ಕೈ ತಗೀರಿ. ಒಳಗಿನ ಬಿಸಿ ಮ್ಯಾಲ ಗೊತ್ತಾಗೂದಿಲ್ಲ" ಎಂದಳು. ಅವಳು ತಿಳಿಸಿದ್ದು ಇಷ್ಟು: ಪರದೆಯ ಚಿತ್ರ ಬಿಡಿಸುವ ಚಿಪ್ ಬೇರೆ, ಆ ಚಿತ್ರವನ್ನು ಹಿಡಿದುಕೊಳ್ಳುವ ಗ್ರಾಫಿಕ್ಸ್ ಮೆಮೊರಿ ಬೇರೆ. ಚಿಪ್ ಎಪ್ಪತ್ತೆಂಟು ಡಿಗ್ರಿಯಲ್ಲಿತ್ತು, ಮೆಮೊರಿ ತೊಂಬತ್ತಾರು. ಈ ಜಾತಿಯ ಮೆಮೊರಿಯ ಮಿತಿ ನೂರೈದರ ಆಸುಪಾಸು. ಅಲ್ಲಿಗೆ ಮುಟ್ಟಿದರೆ ಲ್ಯಾಪ್‌ಟಾಪೇ ತನ್ನ ವೇಗ ಇಳಿಸಿಕೊಳ್ಳುತ್ತದೆ.

"ಕುದಿಯೂ ನೀರಿಗೆ ನಾಕ ಡಿಗ್ರಿ ಕಡಿಮಿ! ಅದರಾಗ ಚಹಾ ಆಕ್ಕೈತಿ ಬೇ!" ಎಂದು ಅಪ್ಪಾಸಾಹೇಬರು ಕೂಗಿದರು.

"ಚಹಾ ಕುಡದ ಕುಂದರ್ರಿ ಸಾವ್ಕಾರ್ರ, ನೋಡೂಣು" ಎಂದೆ.

ಸವಿತಾ ಒಂದು ತಾಸು ಭಾರದ ಕೆಲಸ ಕೊಟ್ಟು ಓಡಿಸಿದಳು. ಬಿಸಿ ತೊಂಬತ್ತಾರು ದಾಟದೆ ಅಲ್ಲೇ ನಿಂತಿತು. ವೇಗ ಇಳಿಯಲಿಲ್ಲ, ಮೆಮೊರಿ ಕೆಟ್ಟರೆ ಬರುವ ಚುಕ್ಕೆ ಪರದೆಯಲ್ಲಿ ಕಾಣಲಿಲ್ಲ. ಆದರೆ ಫ್ಯಾನ್ ಕರಕರ ಅನ್ನುತ್ತಿತ್ತು. ಟಾರ್ಚ್ ಹಾಕಿ ಗಾಳಿಯ ಜಾಲರಿಯೊಳಗೆ ನೋಡಿದರೆ ರೆಕ್ಕೆಯ ಮೇಲೆ ಬಿಳಿ ಉಪ್ಪು. ನಮ್ಮ ಊರಿನ ಬೋರ್ ನೀರು ಕಾಯಿಸಿದ ಪಾತ್ರೆಯಲ್ಲಿ ಹಿಡಿಯುತ್ತದಲ್ಲ, ಅದೇ.

"ಇದನ್ನ ಎಲ್ಲಿ ಇಡ್ತೀಯವಾ?" ಎಂದು ಹುಡುಗಿಯನ್ನು ಕೇಳಿದೆ.

"ಕೂಲರ್ ಮುಂದ್ರಿ. ಬಿಸಿ ಆಗಬಾರ್ದಂತ ಅಪ್ಪಾನ ಇಟ್ಟಾನ."

ನೀರಿನ ಕೂಲರ್! ದಿನವಿಡೀ ತೇವದ ಗಾಳಿಯನ್ನು ಅದರ ಮೂಗಿಗೇ ಬಿಟ್ಟಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಸಾವ್ಕಾರ್ರ, ನಿಮ್ಮ ದ್ರಾಕ್ಷಿ ಶೆಡ್ಡಿನಾಗ ಕೂಲರ್ ಇಡ್ತೀರೇನ್ರಿ?"

"ಹುಚ್ಚಗಿಚ್ಚ ಹಿಡದೈತೇನ್ ನಿಮಗ? ತ್ಯಾವ ಹತ್ತಿದ್ರ ಮಾಲೆಲ್ಲಾ ಬೂಷ್ಟ ಹಿಡೀತೈತಿ!"

"ಹಂಗಾರ ಎಷ್ಟ ಡಿಗ್ರಿಗೆ ದ್ರಾಕ್ಷಿ ಸೇಫ್? ಒಂದ ಮಾತು ಹೇಳ್ರಿ."

"ಹಂಗ ಒಂದ ಮಾತಿನ್ಯಾಗ ಹೆಂಗ ಹೇಳೂದ್ರಿ? ಗಾಳಿ ಆಡತೈತೋ ಇಲ್ಲೋ ನೋಡಬೇಕು, ತ್ಯಾವ ನೋಡಬೇಕು, ದಿನಾ ಕಣ್ಣಿಡಬೇಕು..."

ಅಷ್ಟು ಹೇಳಿ ತಮ್ಮ ಹಣೆ ತಾವೇ ತಟ್ಟಿಕೊಂಡರು. ಮಗಳು ಡ್ರೆಸ್ಸಿನ ಓಡಣಿ ಬಾಯಿಗೆ ಒತ್ತಿಕೊಂಡು ನಕ್ಕಳು.

ಸವಿತಾ ಲ್ಯಾಪ್‌ಟಾಪ್ ಬಿಚ್ಚಿ ಫ್ಯಾನ್ ಒರೆಸಿದಳು, ಹಿಂಬದಿ ಎರಡು ಬೆರಳು ಎತ್ತರಕ್ಕೆ ನಿಲ್ಲಿಸಿ ಮತ್ತೆ ಓಡಿಸಿದಳು. ಮೆಮೊರಿ ತೊಂಬತ್ತಕ್ಕೆ ಬಂದು ನಿಂತಿತು.

"ಈಗಾರ ಸೇಫ್ ಅನ್ರಿ" ಎಂದರು ಅಪ್ಪಾಸಾಹೇಬರು. ಬಿಡುವ ಆಸಾಮಿಯಲ್ಲ.

"ಇವತ್ತ ಸೇಫ್. ವೇಗ ಬಿದ್ರ, ಪರದೆ ಮ್ಯಾಲ ಚುಕ್ಕಿ ಬಂದ್ರ, ನೂರು ದಾಟಿದ್ರ ತಗೊಂಡ ಬರ್ರಿ. ದಿನಾ ನೋಡಾಕಿ ನಿಮ್ಮ ಮಗಳು, ನಾ ಅಲ್ಲ."

ಅವರು ಗೊಣಗಿಕೊಂಡೇ ಎದ್ದರು. ಆದರೆ ಲ್ಯಾಪ್‌ಟಾಪನ್ನು ಮಗಳ ಕೈಗೇ ಕೊಟ್ಟು, "ನಡಿ, ಬಬಲೇಶ್ವರದಾವ್ರ ಕೆಲಸ ಚಾಲೂ ಮಾಡು" ಎಂದರು.

ಐವತ್ತು ವರ್ಷದ ಕೆಲಸ ಕಲಿಸಿದ್ದು ಇದೇ: ಬಿಸಿ ಎಷ್ಟು ಎಂದು ಕೇಳುವ ಮೊದಲು ಯಂತ್ರ ಎಲ್ಲಿ ಕೂತಿದೆ ನೋಡಬೇಕು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದೆ. ನಮ್ಮ ಕೂಲರಿನ ಬಾಯಿ ನೆಟ್ಟಗೆ ಸವಿತಾಳ ಬೆಂಚಿಗೇ ಇತ್ತು, ಅದರ ಮೇಲೆ ಗಿರಾಕಿಗಳ ಮೂರು ಲ್ಯಾಪ್‌ಟಾಪ್. ನನ್ನನ್ನು ಬೈಯಲು ಯಾರೂ ಇನ್ನೂ ಬಂದಿರಲಿಲ್ಲ. ಕೂಲರನ್ನು ರಸ್ತೆಯ ಕಡೆ ತಿರುಗಿಸಿ, ಬೆವರು ಒರೆಸಿಕೊಳ್ಳುತ್ತ ತಂತಿ ಸುತ್ತಲು ಕೂತೆ.