ಆರ್ಮಾಸ್ ಅಚ್ಚುಕಟ್ಟು ಮಾಡಿದ ತೋಪು

ಇಡೀ ಫಿನ್ಲೆಂಡಿನಲ್ಲಿ ನಮ್ಮ ಪಕ್ಕದ ಮನೆಯ ಆರ್ಮಾಸ್‌ನಂಥ ಅಚ್ಚುಕಟ್ಟಾದ ಮೂರ್ಖನನ್ನು ನಾನು ಕಂಡಿಲ್ಲ. ನಲವತ್ತು ವರ್ಷ ಕಂಪನಿಯ ಕಾಡಿನಲ್ಲಿ ಮರ ಕಡಿದವನು. ಸೊಟ್ಟಗಿದ್ದದ್ದನ್ನು ಕಡಿ, ನೆಟ್ಟಗಿದ್ದದ್ದನ್ನು ಬಿಡು. ಆ ಮಹಾನುಭಾವನಿಗೆ ತಿಳಿದ ವಿದ್ಯೆ ಅಷ್ಟೇ. ಸೌದೆಯನ್ನು ಗೆರೆ ಎಳೆದಂತೆ ಜೋಡಿಸಿಟ್ಟು, ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದ.

ಅವನ ಹೆಂಡತಿ ವಿಯೆನೊ ಚಾಕುವಿನ ಹಿಡಿ ಕೆತ್ತುವವಳು. ಇಪ್ಪತ್ತಾರು ವರ್ಷದ ಹಿಂದೆ ಮನೆಯ ಹಿಂದಿನ ಇಳಿಜಾರಿನಲ್ಲಿ ಮೂವತ್ತು ಗಂಟು ಬರ್ಚ್ ಸಸಿ ನೆಟ್ಟಳು. ಆ ಮರ ಹೊರಗೆ ಗಿಡ್ಡ, ಸೊಟ್ಟ, ಮೈಯೆಲ್ಲ ಉಬ್ಬು. ಒಳಗೆ ಚಾಕುವಿನ ಹಿಡಿಗೆಂದೇ ಹೇಳಿ ಮಾಡಿಸಿದಂಥ ಕಂದು ಬಣ್ಣದ ಚಿತ್ತಾರ. ಅದೇ ಬೀಜದಲ್ಲಿ ಕೆಲವು ಸಾದಾ ಬರ್ಚ್ ಆಗಿ ನೆಟ್ಟಗೆ ಎದ್ದುಬಿಡುತ್ತವೆ. ತೆಗೆಯಬೇಕಾದದ್ದು ಅವನ್ನು. ಮೊಲ ಕಚ್ಚದಂತೆ ಬಲೆ ಸುತ್ತಿ, ಬೇಸಿಗೆಗೊಮ್ಮೆ ಕೊಂಬೆ ಸವರಿ ಮಕ್ಕಳಂತೆ ಸಾಕಿದಳು. "ಬರೋ ವರ್ಷದಿಂದ ನನ್ನ ಮರದ್ದೇ ಹಿಡಿ ಕಣೇ," ಎಂದು ನನ್ನ ಬಳಿ ಎಷ್ಟು ಸಲ ಹೇಳಿದ್ದಳೋ.

ಕಳೆದ ಮಾರ್ಚ್‌ನಲ್ಲಿ ಸೊಂಟದ ಆಪರೇಷನ್ನಿಗೆ ಹೊರಟಾಗ, "ತೋಪು ಸ್ವಲ್ಪ ತೆಳು ಮಾಡ್ಬೇಕು, ಯಾವುದು ಅಂತ ಬಂದು ತೋರಿಸ್ತೀನಿ," ಎಂದು ಗಂಡನಿಗೆ ಹೇಳಿದಳು. ಹೆಂಡತಿಯ ಮಾತನ್ನು ಅರ್ಧದ ಮೇಲೆ ಕೇಳುವ ಜಾಯಮಾನವೇ ಅವನದು?

ಮೂರು ವಾರ ಬಿಟ್ಟು ನಾನು ಹೋಗಿ ನೋಡಿದರೆ ಎಂಟೇ ಎಂಟು ಮರ, ಎಲ್ಲವೂ ಕಂಬದಂತೆ ನೆಟ್ಟಗೆ.

"ಏನೋ ಮಾಡಿದೀಯ, ಮುಠ್ಠಾಳ?"

"ಸೊಟ್ಟಂಬಟ್ಟ ಮರ, ಸೌದೆಗೂ ಸೀಳಲ್ಲ," ಎಂದು ಹಲ್ಲು ಕಿರಿದ. "ಯಂತ್ರಕ್ಕೆ ಹಾಕಿ ಚೂರು ಚೂರು ಮಾಡಿಸ್ದೆ. ಸೌನಾ ಬಚ್ಚಲಿನ ದಾರಿಗೆ ಹಾಸಿದೀನಿ. ವಿಯೆನೊ ಜಾರಬಾರದು ನೋಡು!"

ಆಸ್ಪತ್ರೆಯಿಂದ ಬಂದ ವಿಯೆನೊ ಊರುಗೋಲು ಊರಿಕೊಂಡು ತೋಪಿನ ಕಡೆ ಹೊರಟದ್ದು ಅದೇ ದಾರಿಯಲ್ಲಿ. ನಡುವೆ ನಿಂತಳು. ಬಗ್ಗಲಾಗದು, ನಾನೇ ಒಂದು ಚೂರು ಎತ್ತಿಕೊಟ್ಟೆ. ಕಂದು ಚಿತ್ತಾರವನ್ನು ಹೆಬ್ಬೆರಳಿನಿಂದ ಉಜ್ಜಿದಳು. ಇಳಿಜಾರಿನ ಕಡೆ ನೋಡಿದಳು. ಅವನು ಪಕ್ಕದಲ್ಲಿ ಹೊಗಳಿಕೆಗೆ ಕಾಯುತ್ತ ನಿಂತಿದ್ದ, ಥೂ!

"ಆ ಎಂಟನ್ನೂ ಕಡಿ," ಎಂದಳು.

"ಅಯ್ಯೋ, ಅವು ಒಳ್ಳೇ ಮರ ಕಣೇ!"

"ಸೌದೆಗೆ ಒಳ್ಳೇವು."

ಮೇ ತಿಂಗಳಲ್ಲಿ ನಾನು ಗುಂಡಿ ತೋಡಿದೆ, ಅವಳು ಕುರ್ಚಿಯ ಮೇಲೆ ಕೂತು ಮತ್ತೆ ಮೂವತ್ತು ಸಸಿ ಇಳಿಸಿದಳು. ಅವಳಿಗೀಗ ಅರವತ್ತಾರು. ಅವು ಹಿಡಿಗೆ ಬರುವ ಹೊತ್ತಿಗೆ ಎಷ್ಟಾಗುತ್ತದೆಂದು ಅವಳಿಗೂ ಗೊತ್ತು. ಆರ್ಮಾಸ್ ಬಂದು ಒಂದು ಸಸಿಯನ್ನು ಕಾಲಿನಿಂದ ತೋರಿಸಿದ.

"ಇದು ಈಗ್ಲೇ ಸೊಟ್ಟಗಿದೆ. ಕಿತ್ತುಹಾಕ್ಲಾ?"

ವಿಯೆನೊ ಊರುಗೋಲು ಹಿಡಿದು ನಿಧಾನ ಎದ್ದಳು. "ಮೊದಲು ನನ್ನ ಕಿತ್ತುಹಾಕು. ನಾನೂ ಈಗ ಸೊಟ್ಟಗೇ ನಡೀತೀನಲ್ಲ."

ಆ ಬೆಪ್ಪ ಅದನ್ನೂ ತಮಾಷೆ ಎಂದುಕೊಂಡು ನಕ್ಕ.