ಹತ್ತಿ ಪ್ರೆಸ್ಸಿಗೆ ವಾಲ್ವು ಆರಿಸಿದ ಗುಡ್ಡಪ್ಪ

ಹಿರೇಕೆರೂರಿನ ಹತ್ತಿ ಪ್ರೆಸ್ಸಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫಿಟ್ಟರ್ ಗುಡ್ಡಪ್ಪ ಧೋತರ ಮೇಲೆತ್ತಿ ಕಟ್ಟಿ, ಹೊಸ ವಾಲ್ವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನಟ್ಟು ಬಿಗಿಯುತ್ತಿದ್ದಾರೆ. ಕೈ ಮುರಿದುಕೊಂಡು ಮನೆಯಲ್ಲಿದ್ದ ಫಕ್ಕೀರಪ್ಪ ಇವತ್ತು ಕೆಲಸಕ್ಕೆ ಮರಳುತ್ತಾರೆ. ಒಳಗೆ ಬರುತ್ತಾರೋ, ಬಾಗಿಲಿಂದಲೇ ವಾಪಸ್ಸಾಗುತ್ತಾರೋ ಎಂಬುದೇ ಗುಡ್ಡಪ್ಪನವರ ಚಿಂತೆ.

"ಅಂವಾ ತಿರುಗಿ ಹೋದ್ರ ನನ್ನ ಕೆಲಸಕ್ಕ ಅರ್ಥ ಇಲ್ರಿ," ಎನ್ನುತ್ತಾರೆ.

ಇಲ್ಲಿ ಎಂಜಿನ್ನು ಪಂಪನ್ನು ತಿರುಗಿಸುತ್ತದೆ, ಪಂಪು ನೀರನ್ನು ಪೈಪಿಗೆ ತಳ್ಳುತ್ತದೆ, ಆ ನೀರಿನ ಒತ್ತಡ ಹತ್ತಿಯನ್ನು ಅದುಮಿ ಬೇಲು, ಅಂದರೆ ಬಿಗಿಯಾದ ಮೂಟೆ, ಮಾಡುತ್ತದೆ. ಸುಗ್ಗಿಯಲ್ಲಿ ದಿನಕ್ಕೆ ನಲವತ್ತು ಬೇಲು. ಒತ್ತಡ ಮಿತಿ ಮೀರಿದರೆ ನೀರನ್ನು ಹೊರಗೆ ಬಿಡಲು ಒಂದು ವಾಲ್ವು. ಹಳೆಯ ವಾಲ್ವಿಗೆ ಉದ್ದನೆಯ ಕಬ್ಬಿಣದ ಕೋಲು, ಅದರ ತುದಿಗೆ ತೂಕದ ಗುಂಡು ಇತ್ತು. ಗುಂಡು ಭಾರವಾದಷ್ಟೂ ವಾಲ್ವು ತಡವಾಗಿ ತೆರೆಯುತ್ತದೆ.

ದಸರೆಯ ಖಂಡೇಪೂಜೆಯಲ್ಲಿ ಯಂತ್ರಕ್ಕೆ ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ ಕಟ್ಟುವುದು, ಮುಂದಿನ ಪೂಜೆಯವರೆಗೆ ಬಿಚ್ಚದಿರುವುದು ಇಲ್ಲಿನ ಪದ್ಧತಿ. ಕಾಯಿ ಕಟ್ಟಲು ಆ ಕೋಲಿಗಿಂತ ಅನುಕೂಲದ ಜಾಗ ಬೇರೆಲ್ಲಿದೆ? ಎಲ್ಲರೂ ಸೇರಿ ಭಕ್ತಿಯಿಂದ ಅಲ್ಲಿಗೇ ಕಟ್ಟಿದರು. ಸುಗ್ಗಿ ಶುರುವಾದ ದಿನ, ಗುಂಡಿನ ಜೊತೆ ಕಾಯಿಯ ಭಾರವೂ ಸೇರಿ, ವಾಲ್ವು ತೆರೆಯಬೇಕಾದಾಗ ತೆರೆಯಲಿಲ್ಲ. ಪೈಪು ಒಡೆದು, ಅದರ ತುಂಡು ಪಕ್ಕದಲ್ಲೇ ಹತ್ತಿ ತುಂಬುತ್ತಿದ್ದ ಫಕ್ಕೀರಪ್ಪನವರ ಬಲಗೈಗೆ ಬಡಿಯಿತು. ಪಾಪ, ದೇವರನ್ನು ದೂರುವಂತಿಲ್ಲ, ಕಟ್ಟಿದವರನ್ನೂ ಬೈಯುವಂತಿಲ್ಲ.

"ಅಂಥಾದ್ದ ಇನ್ನೊಂದು ತಗೊಂಡು ಬಾ, ಹತ್ತಿ ಹೊರಗ ಬಿದ್ದೈತಿ," ಎಂದು ಪ್ರೆಸ್ಸಿನ ಸಾವುಕಾರರು ಅವಸರ ಮಾಡಿದರು. ಗುಡ್ಡಪ್ಪ ಹುಬ್ಬಳ್ಳಿಗೆ ಹೋಗಿ ಒಂದು ಅಂಗಡಿಯಲ್ಲಿ ಅರ್ಧ ದಿನ ಕುಳಿತರು. ಅಂಗಡಿಯವನು ಮೊದಲು ತೋರಿಸಿದ್ದು ಚಿಕ್ಕ ವಾಲ್ವು.

"ಪಂಪು ತಳ್ಳೋ ನೀರೆಲ್ಲಾ ಹೊರಗ ಹೋಗುವಷ್ಟು ಬಾಯಿ ಅಗಲ ಇರಬೇಕ್ರಿ," ಎಂದು ವಿವರಿಸುತ್ತಾರೆ ಗುಡ್ಡಪ್ಪ. "ಬಾಯಿ ಸಣ್ಣದಿದ್ರ, ತೆರದ್ರೂ ಒತ್ತಡ ಇಳಿಯಂಗಿಲ್ಲ. ಬೇಲು ಒತ್ತೋ ಒತ್ತಡಕ್ಕಿಂತ ಒಂಚೂರು ಮ್ಯಾಲ ತೆರೀಬೇಕು, ಪೈಪು ತಡ್ಕೊಳ್ಳೋದ್ಕಿಂತ ಕೆಳಗ ತೆರೀಬೇಕು. ನಮ್ಮ ಮಂದಿಗೆ ಕಾಯಿ ಕಟ್ಟಾಕ ಜಾಗಾನೂ ಇರಬಾರ್ದು."

ಕೊನೆಗೆ ಅವರು ಆರಿಸಿದ್ದು ಒಳಗೆ ಸ್ಪ್ರಿಂಗು, ಮೇಲೆ ಬೀಗ ಹಾಕುವ ಟೊಪ್ಪಿಗೆ ಇರುವ ದೊಡ್ಡ ವಾಲ್ವು. ಕಾಯಿಗೆಂದು ಗೋಡೆಗೆ ಬೇರೆ ಕೊಕ್ಕೆ ಹೊಡೆದಿದ್ದಾರೆ. ಅದಿಲ್ಲದಿದ್ದರೆ ಜನ ಬಿಟ್ಟಾರೆಯೇ?

ಎಂಟಕ್ಕೆ ಫಕ್ಕೀರಪ್ಪ ಬಂದು ಬಾಗಿಲಲ್ಲೇ ನಿಲ್ಲುತ್ತಾರೆ. ಪೈಪಿನ ಕಡೆ ನೋಡಿದವರು ಹೆಜ್ಜೆ ಕೀಳುವುದಿಲ್ಲ. ಗುಡ್ಡಪ್ಪ ಕರೆಯುವುದಿಲ್ಲ, ಧೈರ್ಯವನ್ನೂ ಹೇಳುವುದಿಲ್ಲ. ಅಂದು ಫಕ್ಕೀರಪ್ಪ ನಿಂತಿದ್ದ ಹಲಗೆಯ ಮೇಲೆ ಹೋಗಿ, ಪೈಪಿಗೆ ಬೆನ್ನು ಕೊಟ್ಟು ಕೂರುತ್ತಾರೆ.

"ಶೇಖಸಾಬ, ಎಂಜಿನ್ ಚಾಲೂ ಮಾಡು. ನಾ ಹೇಳೂತನಕ ನಿಲ್ಲಿಸಬ್ಯಾಡ," ಎಂದು ಎಂಜಿನ್ನು ನಡೆಸುವವರಿಗೆ ಕೂಗುತ್ತಾರೆ.

ಒತ್ತಡ ತೋರಿಸುವ ಮೀಟರಿನ ಮುಳ್ಳು ಏರುತ್ತದೆ. ಬೇಲು ಒತ್ತುವ ಒತ್ತಡದ ಗುರುತು ದಾಟುತ್ತದೆ. ಗುಡ್ಡಪ್ಪನವರ ಹಣೆಯಲ್ಲೂ ಬೆವರಿದೆ, ಹೆದರಿಕೆಯಿಲ್ಲ ಎಂದರೆ ಸುಳ್ಳಾದೀತು. ಅಷ್ಟರಲ್ಲಿ ವಾಲ್ವು ಭುಸ್ಸೆಂದು ತೆರೆದು ನೀರು ತೊಟ್ಟಿಗೆ ಧುಮುಕುತ್ತದೆ. ಮುಳ್ಳು ಮತ್ತೆ ಏರದೆ ಅಲ್ಲೇ ನಿಲ್ಲುತ್ತದೆ, ಎಂಜಿನ್ನು ಓಡುತ್ತಲೇ ಇರುತ್ತದೆ.

ಫಕ್ಕೀರಪ್ಪ ಒಳಗೆ ಬಂದು ಗುಡ್ಡಪ್ಪನವರ ಹೆಗಲು ಅಲುಗಿಸುತ್ತಾರೆ.

"ಏಳ್ ಗುಡ್ಡಣ್ಣ, ಅದು ನನ್ನ ಜಾಗಾ."