ಅಟ್ಟಕ್ಕೆ ಹೋದ ಚೆನ್ನೆಮಣೆ

ನನ್ನ ಮೊಮ್ಮಗ ಇವತ್ತು ಮತ್ತೆ ವಾಲಿಬಾಲ್ ಆಡಲಿಕ್ಕೆ ಹೋದ! ಕರೆಯಲಿಕ್ಕೆ ಅವನ ಹಳೇ ಗೆಳೆಯನೇ ಐವರ್ನಾಡಿನಿಂದ ಬಸ್ಸು ಹಿಡಿದು ಬಂದಿದ್ದ. ಸಂತೋಷ ತಡೆಯದೆ ಹಟ್ಟಿಯ ದನಕ್ಕೂ ಹೇಳಿ ಬಂದೆ.

ಇದೆಲ್ಲ ಆಟಿ ತಿಂಗಳ ಜಡಿಮಳೆಯಲ್ಲಿ ಶುರುವಾದದ್ದು. ಆ ಗೆಳೆಯನಿಗೆ ತರಗತಿಯ ಹುಡುಗಿಯೊಬ್ಬಳ ಮೇಲೆ ಮನಸ್ಸು. ಅವಳಿಗೂ ಇತ್ತು, ಆಮೇಲೆ ಬೇಡವೆಂದಳು. ಮಾತಾಡದಿದ್ದರೆ ಒಟ್ಟಿಗೆ ತೆಗೆದ ಫೋಟೋವನ್ನು ಎಲ್ಲರ ಮೊಬೈಲಿಗೆ ಕಳಿಸುತ್ತೇನೆಂದು ಗೆಳೆಯ ಅವಳನ್ನು ಹೆದರಿಸಿದ. ಟೀಮಿನ ಹುಡುಗರು ನಕ್ಕರಂತೆ. ನನ್ನ ಮೊಮ್ಮಗ ನಗಲಿಲ್ಲ. ಹಾಗೆ ಮಾಡಬೇಡ ಎಂದು ಹೇಳಿ ನೋಡಿದ. ಕೇಳದಾಗ ಟೀಚರಿಗೆ ಹೇಳಿದ.

ಅಂದಿನಿಂದ ಅವನ ಹತ್ತಿರ ಯಾರದೂ ಮಾತಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಶಾಲೆ ಬಿಟ್ಟ ಕೂಡಲೇ ಮನೆ. ಮೆಟ್ಟಿಲಲ್ಲಿ ಕೂತು ಬೂಟಿನ ಲೇಸು ಬಿಚ್ಚುವುದಕ್ಕೇ ಎಷ್ಟೋ ಹೊತ್ತು. ನಾನು ಓದಿದವಳಲ್ಲ, ಏನು ಹೇಳಲಿ? ಅಟ್ಟದಿಂದ ಚೆನ್ನೆಮಣೆ ಇಳಿಸಿದೆ, ಗುಳಿಯಿಂದ ಗುಳಿಗೆ ಕಾಯಿ ಹಾಕುತ್ತ ಇಬ್ಬರು ಆಡುವುದು. ಯಜಮಾನರು ಹೋದ ಮೇಲೆ ಅದರ ಗುಳಿಗಳಿಗೆ ಕಾಯಿ ಬಿದ್ದಿರಲಿಲ್ಲ. ಎದುರು ಕೂರುವ ಜನ ಬೇಕಲ್ಲ.

ಆಡುವಾಗ ಒಮ್ಮೆ ಕೇಳಿದ, "ಅಜ್ಜಿ, ನಾನು ಹೇಳಿದ್ದು ತಪ್ಪಾ?"

"ಆ ಹುಡುಗಿ ಶಾಲೆಗೆ ಬರ್ತಾಳಾ?"

"ಬರ್ತಾಳೆ."

"ಮತ್ತೆ ಎಂತ ತಪ್ಪು? ಕಾಯಿ ಹಾಕು."

ಆಟಿ ಮುಗಿದರೆ ಮಣೆ ಅಟ್ಟಕ್ಕೆ ಹೋಗಬೇಕು. ಬೇರೆ ತಿಂಗಳಲ್ಲಿ ಆಡುವ ಕ್ರಮ ನಮ್ಮಲ್ಲಿಲ್ಲ. ಸೊಸೆ ನೆನಪಿಸಿದಳು. ನಾನು ಕಿವಿ ಕೇಳದವಳಂತೆ ಇದ್ದೆ.

ಇವತ್ತು ಗೆಳೆಯ ಅಂಗಳದಲ್ಲೇ ನಿಂತ. "ಬಾ ಮಾರಾಯ. ನೀನಿಲ್ಲದೆ ಸರ್ವಿಸೆಲ್ಲ ನೆಟ್ಟಿಗೇ ಹೋಗುದು."

"ಫೋಟೋ?" ಮೊಮ್ಮಗ ಮಣೆಯ ಎದುರಿನಿಂದ ಎದ್ದಿರಲಿಲ್ಲ.

"ಟೀಚರ್ ಎದುರೇ ಡಿಲೀಟ್ ಮಾಡಿದೆ. ಇನ್ನು ಅವಳ ಹಿಂದೆ ಹೋಗುದಿಲ್ಲ ಅಂತಲೂ ಹೇಳಿದೆ."

"ಬೇರೆಯವರ ಮೊಬೈಲಲ್ಲಿ?"

"ಯಾರಿಗೂ ಕಳಿಸ್ಲಿಲ್ಲ, ಸತ್ಯ." ತಲೆ ತಗ್ಗಿಸಿದ. "ಅವತ್ತು ನೀನೊಬ್ಬ ನಗ್ಲಿಲ್ಲ ನೋಡು, ನಂಗೆ ಸಿಟ್ಟು ಬಂದದ್ದೇ ಅದಕ್ಕೆ."

ಈಗ ಲೇಸು ಕಟ್ಟಿದ್ದು ಎಷ್ಟು ಬೇಗ! ಇಬ್ಬರೂ ಓಡಿದರು. ಮಣೆಯಲ್ಲಿ ಆಟ ಅರ್ಧಕ್ಕೇ ನಿಂತಿತ್ತು. ಅವನ ಕಡೆಯ ಕಾಯಿಗಳನ್ನೂ ಸ್ವಲ್ಪ ಹೊತ್ತು ನಾನೇ ಆಡಿದೆ. ಮನೆಯಲ್ಲಿ ಕಾಯಿ ಬೀಳುವ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಮಣೆ ಒರೆಸಿ, ಅಟ್ಟಕ್ಕಿಡು ಎಂದು ಸೊಸೆಯ ಕೈಗೆ ಕೊಟ್ಟೆ.

ದೀಪ ಹಚ್ಚಿದ ಮೇಲೆ ಮಗ, ಸೊಸೆ, ಮೊಮ್ಮಗ, ನಾನು, ಎಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಬಂಗುಡೆ ಸಾರು. ಅವನು ಆಟದ ಕಥೆ ಹೇಳುತ್ತಲೇ ಇದ್ದ, ಅನ್ನ ತಣಿಯುತ್ತಿತ್ತು. ನಾನು ಕೇಳುತ್ತ ಕೇಳುತ್ತ ನನ್ನ ಮೀನನ್ನೂ ಅವನ ತಟ್ಟೆಗೆ ಹಾಕಿದೆ.